ಕುದುರೆ ಕಂಡರೆ ಕಾಲುನೋವು

ಮೊದಲ ಶನಿವಾರ ಹುಡುಗ ಕುದುರೆ ಹತ್ತಲಿಲ್ಲ. ಎರಡನೆಯ ಶನಿವಾರವೂ ಹತ್ತಲಿಲ್ಲ. ಬೆಳಗ್ಗೆ ಆರೂವರೆಗೆ ಹಲಸೂರು ಬಿಟ್ಟು, ಹಳೇ ಮದ್ರಾಸ್ ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿಯ ಗದ್ದಲ ಏಳುವ ಮುಂಚೆ ಕೆ.ಆರ್. ಪುರದ ತೂಗುಸೇತುವೆ ದಾಟಿ, ಅಲ್ಲಿಂದಾಚೆ ನೀಲಗಿರಿ ತೋಪಿನ ಪಕ್ಕದ ಲಾಯ ಮುಟ್ಟುತ್ತಿದ್ದೆವು. ಅರ್ಧ ಗಂಟೆ ಬೇಲಿಯ ಈಚೆ ನಿಂತು ಕುದುರೆ ನೋಡಿ ಮನೆಗೆ ಬಂದು ತಿಂಡಿ ತಿನ್ನುತ್ತಿದ್ದೆವು. ನನ್ನ ತಂಗಿಗೆ ರೇಗಿತು. “ದುಡ್ಡು ಕೊಟ್ಟಿದ್ದು ಹತ್ತೋಕೆ ತಾನೆ? ನೋಡೋದಕ್ಕಾದ್ರೆ ಶಿವಾಜಿನಗರದಲ್ಲಿ ಮದುವೆ ಸಾರೋಟಿನ ಕುದುರೇನ ಬಿಟ್ಟಿ ನೋಡಬಹುದಿತ್ತು!”

ಹುಡುಗ ಅವಳ ಮಗ. ಏಳು ವರ್ಷ. ಆಟಿಸಂ ಇದೆ, ಜೊತೆಗೆ ಸ್ನಾಯುಗಳಲ್ಲಿ ಬಿಗಿ ಕಮ್ಮಿ. ಕುರ್ಚಿಯಲ್ಲಿ ಕೂರಿಸಿದರೆ ಐದು ನಿಮಿಷಕ್ಕೆ ಬಿಸಿ ಮುದ್ದೆಯ ಹಾಗೆ ಒಂದು ಕಡೆಗೆ ವಾಲುತ್ತಾನೆ. ಇಂದಿರಾನಗರದಲ್ಲಿ ಅವನಿಗೆ ಫಿಸಿಯೋಥೆರಪಿ ಮಾಡುವವರು, “ಬೇಕಾದರೆ ಕುದುರೆಯನ್ನೂ ಒಮ್ಮೆ ನೋಡಿ, ಆದರೆ ಇದನ್ನು ಬಿಡಬೇಡಿ” ಎಂದಿದ್ದರು. ತಂಗಿ ಮಾತಿನ ಮೊದಲರ್ಧ ಮಾತ್ರ ಕೇಳಿಸಿಕೊಂಡಳು.

ಈ ಲಾಯಕ್ಕೆ ಬರುವ ಮೊದಲು ಇನ್ನೊಂದು ಜಾಗಕ್ಕೆ ಹೋಗಿದ್ದೆವು. ಹೆಸರು ಬೇಡ. ಗೇಟಿನೊಳಗೆ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಒಬ್ಬ ಆಸಾಮಿ ಹುಡುಗನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ ಕುದುರೆಯ ಮೇಲೆ ಕೂರಿಸಿಯೇಬಿಟ್ಟ. ತಲೆಗೆ ಹಾಕಿದ್ದ ಹೆಲ್ಮೆಟ್ಟು ಮೂಗಿನವರೆಗೆ ಇಳಿದಿತ್ತು. ಹುಡುಗ ಕಿರುಚಿದ, ಕುದುರೆ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡಿತು. “ಇಲ್ಲಿ ನೋಡು ಪುಟ್ಟಾ, ಸ್ಮೈಲ್” ಎಂದು ಯಾರೋ ಮೊಬೈಲ್ ಹಿಡಿದರು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆ ಒಂದು ದಿನದಿಂದಾಗಿ ಅವನು ಆಮೇಲೆ ನಾಯಿ ಕಂಡರೂ ಹೆದರುವಂತಾದ.

‘ಕುದುರೆ ಕಂಡರೆ ಕಾಲುನೋವು’ ಎಂದು ನಮ್ಮಲ್ಲಿ ಒಂದು ಕುಚೋದ್ಯದ ಮಾತಿದೆ. ಅಷ್ಟು ಹೊತ್ತು ಚೆನ್ನಾಗಿ ನಡೆದುಕೊಂಡು ಬಂದವನಿಗೆ ಕುದುರೆ ಕಣ್ಣಿಗೆ ಬಿದ್ದದ್ದೇ ತಡ, ಕಾಲು ಸೋಲುತ್ತದೆ ಎಂದು ಸೋಮಾರಿಗಳನ್ನು ಆಡಿಕೊಳ್ಳುವ ಗಾದೆ. ಕಾಲು ನಿಜವಾಗಿಯೂ ಸೋತವರ ಬಗ್ಗೆ ಆ ಗಾದೆ ಕಟ್ಟಿದವರು ಯೋಚಿಸಿರಲಿಕ್ಕಿಲ್ಲ. ಕುದುರೆ ಚಿಕಿತ್ಸೆ ಎಂದು ಈಗ ನಮ್ಮ ಬೆಂಗಳೂರಿನಲ್ಲೂ ಓಡಾಡುತ್ತಿರುವ ಹೆಸರಿನ ಹಿಂದಿರುವವರು ಅಂಥವರೇ.

ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಸೇರುವ ಮುಂಚೆ ಇದನ್ನು ಬಿಡಿಸಿ ಕೇಳದಿದ್ದರೆ ಮೋಸ ಹೋಗುತ್ತೀರಿ. ಒಂದು, ಹಿಪ್ಪೋಥೆರಪಿ. ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಎಂದರೆ ಕುದುರೆ, ನೀರಾನೆಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಇಲ್ಲಿ ಮಗುವಿಗೆ ಸವಾರಿ ಕಲಿಸುವುದಿಲ್ಲ. ಫಿಸಿಯೋಥೆರಪಿಸ್ಟೋ ಆಕ್ಯುಪೇಷನಲ್ ಥೆರಪಿಸ್ಟೋ ವಾಕ್ ಚಿಕಿತ್ಸಕರೋ ತಮ್ಮ ಎಂದಿನ ಚಿಕಿತ್ಸೆಗೆ ಕುದುರೆಯ ನಡಿಗೆಯನ್ನು ಸಲಕರಣೆಯ ಹಾಗೆ ಬಳಸುತ್ತಾರೆ. ಎರಡನೆಯದು ಚಿಕಿತ್ಸಕ ಸವಾರಿ. ವಿಶೇಷ ತರಬೇತಿ ಪಡೆದ ಸವಾರಿ ಶಿಕ್ಷಕರು ಮಗುವಿನ ಶಕ್ತಿಗೆ ತಕ್ಕಂತೆ ಲಗಾಮು ಹಿಡಿಯುವುದು, ನಿಲ್ಲಿಸುವುದು, ತಿರುಗಿಸುವುದು ಹೇಳಿಕೊಡುತ್ತಾರೆ. ಮೂರನೆಯದು ಮನಸ್ಸಿನ ಚಿಕಿತ್ಸೆಗೆ ಸಂಬಂಧಿಸಿದ್ದು. ಅದರಲ್ಲಿ ಬಹುಪಾಲು ಕೆಲಸ ನೆಲದ ಮೇಲೆಯೇ. ಬೆನ್ನು ಹತ್ತುವ ಪ್ರಶ್ನೆಯೇ ಬರದಿರಬಹುದು. ನಮ್ಮ ಹುಡುಗನಿಗೆ ಬೇಕಿದ್ದದ್ದು ಮೊದಲನೆಯದು. ಫೋಟೊ ತೆಗೆದ ಜಾಗದಲ್ಲಿ ಸಿಕ್ಕಿದ್ದು ಮೂರರಲ್ಲಿ ಯಾವುದೂ ಅಲ್ಲ, ಜಾತ್ರೆಯ ಕುದುರೆ ಸವಾರಿ.

ಕುದುರೆಯೇ ಯಾಕೆ, ಎಮ್ಮೆ ಯಾಕಾಗಬಾರದು? ನಾನು ಕೇಳಿದ್ದೆ. ಲಾಯದ ಥೆರಪಿಸ್ಟು ನಗಲಿಲ್ಲ. ತಮ್ಮ ಎರಡೂ ಕೈಗಳನ್ನು ಹುಡುಗನ ಸೊಂಟದ ಆಚೀಚೆ ಇಟ್ಟು ಮೆಲ್ಲಗೆ ತೂಗಿ ತೋರಿಸಿದರು. ನಾವು ನಡೆಯುವಾಗ ಸೊಂಟದ ಮೂಳೆ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಓಲಾಡುವುದಲ್ಲದೆ ಒಂದಿಷ್ಟು ತಿರುಚಿಕೊಳ್ಳುತ್ತದೆ. ಕುದುರೆ ನಡೆಯುವಾಗ ಅದರ ಬೆನ್ನಿನ ಮೇಲೆ ಕೂತವರ ಸೊಂಟವೂ ಹೆಚ್ಚುಕಡಿಮೆ ಹೀಗೇ ಆಡುತ್ತದೆ. ನಿಮಿಷಕ್ಕೆ ಸುಮಾರು ನೂರು ಸಲ. ಇಪ್ಪತ್ತು ನಿಮಿಷ ಕೂತರೆ ಎರಡು ಸಾವಿರ ಸಲ ದೇಹ ಕೊಂಚ ಆಯ ತಪ್ಪಿ ಮತ್ತೆ ಆಯಕ್ಕೆ ಬರಬೇಕು. ಎರಡು ಸಾವಿರ ಸಲ ‘ಬೆನ್ನು ನೆಟ್ಟಗೆ ಮಾಡು’ ಎಂದು ಹೇಳುವ ತಾಳ್ಮೆ ಯಾವ ತಾಯಿಗೂ ಇಲ್ಲ, ಕೇಳುವ ತಾಳ್ಮೆ ಯಾವ ಮಗುವಿಗೂ ಇಲ್ಲ. ಜೊತೆಗೆ ಕುದುರೆಯ ಮೈ ಶಾಖ ನಮಗಿಂತ ಒಂದು ಚೂರು ಜಾಸ್ತಿ, 38 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದಪ್ಪ ಜೀನಿನ ಬದಲು ತೆಳು ಮೆತ್ತೆ ಹಾಕಿ ಕೂರಿಸಿದರೆ ಆ ಬಿಸಿ ತೊಡೆಗೆ ತಾಗುತ್ತದೆ. ಸೆಡೆತುಕೊಂಡ ಕಾಲುಗಳಿಗೆ ಅದು ಬಿಸಿನೀರಿನ ಚೀಲ ಕಟ್ಟಿದ ಹಾಗೆ.

ಇದನ್ನು ಅಳೆದು ನೋಡಿದವರಿದ್ದಾರೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ನನಗೆ ಇಷ್ಟ. ಸೆರೆಬ್ರಲ್ ಪಾಲ್ಸಿ ಇದ್ದ 15 ಮಕ್ಕಳಲ್ಲಿ ಕೆಲವರನ್ನು ಎಂಟು ನಿಮಿಷ ನಡೆಯುವ ಕುದುರೆಯ ಮೇಲೆ ಕೂರಿಸಿದರು, ಉಳಿದವರನ್ನು ಅಷ್ಟೇ ಹೊತ್ತು ಅಲುಗಾಡದ ಪೀಪಾಯಿಯ ಮೇಲೆ. ಕುದುರೆ ಮೇಲಿದ್ದ ಮಕ್ಕಳಲ್ಲಿ ಎಡಬಲ ಸ್ನಾಯುಗಳ ಕೆಲಸ ಸಮವಾಗುವತ್ತ ಬಂತು, ಪೀಪಾಯಿಯ ಮಕ್ಕಳಲ್ಲಿ ಬರಲಿಲ್ಲ. ಅಂದರೆ ಆಚೀಚೆ ಕಾಲು ಹಾಕಿ ಕೂತದ್ದು ಮಾತ್ರವಲ್ಲ, ನಡಿಗೆಯೂ ಏನೋ ಮಾಡುತ್ತದೆ. ಹದಿನೈದೇ ಮಕ್ಕಳು, ಎಂಟೇ ನಿಮಿಷ ಎಂಬುದನ್ನೂ ಮರೆಯಬೇಡಿ. ಆ ಸಮತೋಲ ಮನೆವರೆಗೂ, ಮುಂದಿನ ವಾರದವರೆಗೂ ಉಳಿಯುತ್ತದೆಯೇ ಎಂಬುದಕ್ಕೆ ಅದು ಉತ್ತರವಲ್ಲ.

ಈ ವಿದ್ಯೆಗೆ ಜಗತ್ತಿನಲ್ಲಿ ಬಲ ಬಂದದ್ದು ಲಿಸ್ ಹಾರ್ಟೆಲ್ ಎಂಬ ಡೆನ್ಮಾರ್ಕಿನ ಹೆಂಗಸಿನಿಂದ. 1944ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೊ ತಗುಲಿ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿತು. ಹತ್ತಿಸುವುದಕ್ಕೆ ಇಳಿಸುವುದಕ್ಕೆ ಜನ ಬೇಕಾದರೂ ಸವಾರಿ ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಡ್ರೆಸಾಜ್ ಎಂಬ ಕುದುರೆ ಸವಾರಿ ಸ್ಪರ್ಧೆಗೆ ಹೆಂಗಸರನ್ನು ಮೊದಲ ಬಾರಿ ಸೇರಿಸಿಕೊಂಡಾಗ, ಜುಬಿಲಿ ಎಂಬ ಕುದುರೆಯ ಮೇಲೆ ಬೆಳ್ಳಿ ಗೆದ್ದಳು. ನಾಲ್ಕು ವರ್ಷದ ಮೇಲೆ ಇನ್ನೊಂದು ಬೆಳ್ಳಿ. 1969ರ ಹೊತ್ತಿಗೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಇದಕ್ಕೆಂದೇ ಸಂಘಗಳು ಹುಟ್ಟಿಕೊಂಡವು.

ನಮ್ಮ ಊರಿನ ಈ ಭಾಗಕ್ಕೆ ಕುದುರೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷ್ ಪಡೆ ಇಲ್ಲಿಗೆ ಬಂದು 1809ರ ಸುಮಾರಿಗೆ ದಂಡು ಕಟ್ಟಿಕೊಂಡಿತು. ಅಶ್ವದಳದ ಜೊತೆ ಲಾಯ ಬಂತು, ಲಾಯದ ಜೊತೆ ಹುಲ್ಲು, ಹುರುಳಿ, ಲಾಳ ಹೊಡೆಯುವವರು, ಕುದುರೆ ನೋಡಿಕೊಳ್ಳುವ ಸೈಸ್‌ಗಳು. ಇವತ್ತಿನ ಕಾಮರಾಜ್ ರಸ್ತೆ ಆಗ ಕ್ಯಾವಲ್ರಿ ರೋಡ್. ಕಂಟೋನ್ಮೆಂಟ್ ಕುದುರೆ ಎಂದಕೂಡಲೆ ಎಲ್ಲರೂ ಇಲ್ಲಿ ಸೈನ್ಯದಲ್ಲಿದ್ದ ಚರ್ಚಿಲ್ ಕತೆ ತೆಗೆಯುತ್ತಾರೆ. ನನಗೆ ಅದರಲ್ಲಿ ಬೇಕಾದದ್ದು ಅವನ ಭುಜ ಮಾತ್ರ. 1896ರಲ್ಲಿ ಮುಂಬೈ ಧಕ್ಕೆಯಲ್ಲಿ ಇಳಿಯುವಾಗ ಕೀಲು ತಪ್ಪಿದ ಬಲ ಭುಜವನ್ನು ಪಟ್ಟಿ ಕಟ್ಟಿಕೊಂಡು ಅವನು ಪೋಲೊ ಆಡುತ್ತಿದ್ದ. ಜೆ.ಸಿ. ನಗರದ ಕಡೆ ಹೋದರೆ ಮೈಸೂರು ಲಾನ್ಸರ್ಸ್ ಸ್ಮಾರಕ ಸಿಗುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆ ಪಡೆಗಳಲ್ಲಿ ಒಂದು ನಮ್ಮ ಮೈಸೂರಿನದು. ಊರಿನಲ್ಲಿ ಜಟಕಾಗಳೂ ಇದ್ದವು, ಆಟೋ ಬಂದು ಜಟಕಾ ಹೋಯಿತು. ಈಗ ಉಳಿದಿರುವುದು ಅಗರಂ ಕಡೆಯ ಸೇನೆಯ ಕುದುರೆಗಳು ಮತ್ತು ಮದುವೆ ಸಾರೋಟುಗಳು. ಯುದ್ಧಕ್ಕೆ, ಜೂಜಿಗೆ, ಬಾಡಿಗೆಗೆ, ಮದುಮಗನಿಗೆ ಎಂದು ದುಡಿದ ಪ್ರಾಣಿಗೆ ಈಗ ಸುಮ್ಮನೆ ನಡೆಯುವುದೇ ಕೆಲಸವಾದದ್ದು ಒಂದು ಬಗೆಯ ಬಡ್ತಿಯೇ ಸರಿ.

ಸೇರಿಸುವ ಮುಂಚೆ ಏನೇನಾಗಬೇಕು ಎಂಬುದಕ್ಕೆ ಬರೋಣ. ಒಳ್ಳೆಯ ಜಾಗದಲ್ಲಿ ಮೊದಲು ಕಾಣುವುದು ಕುದುರೆಯಲ್ಲ, ಕಾಗದ. ಮಗುವಿನ ವೈದ್ಯರ ಪತ್ರ ಕೇಳುತ್ತಾರೆ. ಫಿಟ್ಸ್ ಬರುತ್ತದೆಯೇ, ಕಡೆಯ ಸಲ ಯಾವಾಗ ಬಂತು, ಮೂಳೆ ಗಟ್ಟಿಯಿದೆಯೇ, ಸೊಂಟದ ಕೀಲು ಜಾಗದಲ್ಲಿದೆಯೇ, ಬೆನ್ನುಮೂಳೆ ಎಷ್ಟು ಬಾಗಿದೆ, ಉಬ್ಬಸ ಇದೆಯೇ, ಧೂಳು ಕೂದಲು ಅಲರ್ಜಿಯೇ ಎಂದೆಲ್ಲ ಕೇಳುತ್ತಾರೆ. ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಕೀಲು ಸಡಿಲವಿರುವ ಸಂಭವ ಇರುತ್ತದೆ. ಅದನ್ನು ವೈದ್ಯರು ನೋಡಿ, ಬೇಕಾದರೆ ಎಕ್ಸ್‌ರೇ ತೆಗೆಸಿ ಸರಿ ಎನ್ನುವವರೆಗೆ ಹತ್ತಿಸಲೇಬಾರದು. ಹತೋಟಿಗೆ ಬಾರದ ಫಿಟ್ಸ್ ಇದ್ದರೂ ಹಾಗೆಯೇ. ಇಷ್ಟೆಲ್ಲ ಕೇಳಿ ‘ನಿಮ್ಮ ಮಗುವಿಗೆ ಇದು ಬೇಡ’ ಎಂದು ಕಳಿಸುವವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಏನೂ ಕೇಳದವರಿಗೆ ಹೆದರಿ.

ಮಗುವಿನ ದೇಹ ಬಲ್ಲವರು ಈ ಭಾಗದಲ್ಲಿ ಇದ್ದಾರೆ. ಲಿಂಗರಾಜಪುರದಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಆರಂಭಿಸಿದ ಅಂಗವಿಕಲರ ಸಂಸ್ಥೆ ಇದೆ, ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಇದೆ. ಇಂಥ ಕಡೆಯ ಫಿಸಿಯೋಥೆರಪಿಸ್ಟ್ ಒಬ್ಬರ ಕೈಯಲ್ಲಿ ‘ಏನು ಸರಿಯಾಗಬೇಕು’ ಎಂಬುದನ್ನು ಬರೆಸಿಕೊಂಡು ಲಾಯಕ್ಕೆ ಹೋದರೆ ಅರ್ಧ ಕೆಲಸವಾದಂತೆ. ‘ಚೆನ್ನಾಗಾಗಬೇಕು’ ಎಂಬುದು ಗುರಿಯಲ್ಲ. ‘ಹತ್ತು ನಿಮಿಷ ಕುರ್ಚಿಯಲ್ಲಿ ಕೂತು ಊಟ ಮಾಡಬೇಕು’ ಎಂಬುದು ಗುರಿ.

ಇನ್ನೊಂದು ವಿಷಯ. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ನೋಂದಾಯಿಸಿಕೊಳ್ಳುತ್ತಾರೆ. ‘ಕುದುರೆ ಚಿಕಿತ್ಸಕ’ ಎಂಬ ವರ್ಗವೇ ಅಲ್ಲಿಲ್ಲ. ಹಾಗಾಗಿ ಬೋರ್ಡಿನ ಮೇಲೆ ಥೆರಪಿ ಎಂದು ಬರೆದಿದ್ದ ಮಾತ್ರಕ್ಕೆ ನಂಬಬೇಡಿ. ಕುದುರೆಯ ಪಕ್ಕ ನಿಲ್ಲುವವರು ಮೂಲತಃ ಏನು ಓದಿದ್ದಾರೆ ಎಂದು ನೀವೇ ಕೇಳಬೇಕು. ನನ್ನ ಮಟ್ಟಿಗೆ ನೀವು ದುಡ್ಡು ಕೊಡುವುದೇ ಆ ಪಕ್ಕದವರಿಗೆ. ಕುದುರೆ ಎಲ್ಲಿ ಬೇಕಾದರೂ ಬಾಡಿಗೆಗೆ ಸಿಗುತ್ತದೆ.

ಪಕ್ಕದವರು ಎಂದೆನಲ್ಲ, ಒಬ್ಬಿಬ್ಬರಲ್ಲ. ಕುದುರೆಯನ್ನು ನಡೆಸುವವರು ಒಬ್ಬರು. ಅವರ ಗಮನವೆಲ್ಲ ಕುದುರೆಯ ಮೇಲೆ. ಆಚೀಚೆ ಇಬ್ಬರು, ಮಗುವಿನ ತೊಡೆಯ ಮೇಲೆ ಕೈಯಿಟ್ಟು ಹೆಜ್ಜೆ ಹಾಕುವವರು. ಇವರನ್ನೆಲ್ಲ ನೋಡಿಕೊಂಡು ಹೇಳಿಕೊಡುವ ಥೆರಪಿಸ್ಟ್ ಬೇರೆ. ಒಂದು ಮಗುವಿಗೆ ಹೊಸದರಲ್ಲಿ ನಾಲ್ಕು ಜನ! ದುಬಾರಿಯಾಗುವುದು ಇದಕ್ಕೇ. ಹತ್ತಿಸುವುದಕ್ಕೆ ಇಳಿಜಾರಿನ ಕಟ್ಟೆ ಇರಬೇಕು, ಎತ್ತಿ ಎಸೆಯುವುದಲ್ಲ. ತಾಯಿ ತಂದೆ ಬೇಲಿಯ ಹೊರಗೆ ನಿಲ್ಲಬೇಕು. ತಂಗಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಬಟ್ಟೆಯ ಬಗ್ಗೆ ಹೆಚ್ಚೇನಿಲ್ಲ: ಉದ್ದ ಪ್ಯಾಂಟು, ಬೆರಳು ಮುಚ್ಚುವ ಶೂ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟು. ತಲೆಗೆ ಏನನ್ನೂ ಸೇರಿಸದ ಮಕ್ಕಳಿಗೆ ಹೆಲ್ಮೆಟ್ಟನ್ನು ವಾರ ಮುಂಚೆಯೇ ಮನೆಗೆ ತಂದು ಟಿ.ವಿ. ನೋಡುವಾಗ ಎರಡೆರಡು ನಿಮಿಷ ಹಾಕಿಸಿ. ಟೆಟನಸ್ ಚುಚ್ಚುಮದ್ದು ಬಾಕಿ ಇದ್ದರೆ ಮುಗಿಸಿ. ಲಾಯದ ಮಣ್ಣು, ಲದ್ದಿಯಲ್ಲಿ ಆ ರೋಗಾಣು ಇರುತ್ತದೆ.

ಕುದುರೆಯನ್ನೂ ಪರೀಕ್ಷಿಸಿ. ಸವಾರಿ ಶಾಲೆಗಳ ಕುದುರೆಗಳಲ್ಲಿ ರೇಸು ಬಿಟ್ಟ ಥರೋಬ್ರೆಡ್‌ಗಳೂ ಇರುತ್ತವೆ. ಗೇಟು ತೆರೆದರೆ ಓಡಬೇಕು ಎಂದೇ ಬೆಳೆದವು. ಕೆಲವು ವಯಸ್ಸಾದ ಮೇಲೆ ಸಾಧುವಾಗುತ್ತವೆ, ಎಲ್ಲವೂ ಅಲ್ಲ. ಛತ್ರಿ ಬಿಚ್ಚಿದರೆ, ಬಲೂನು ಒಡೆದರೆ, ಎಚ್‌ಎಎಲ್ ಕಡೆಯಿಂದ ಹಾರಿದ ವಿಮಾನ ತಲೆಯ ಮೇಲೆ ಗುಡುಗಿದರೆ ಏನು ಮಾಡುತ್ತದೆ ಎಂದು ಕೇಳಿ. ಚಿಕಿತ್ಸೆಯ ಕುದುರೆಯನ್ನು ಇದಕ್ಕೆಲ್ಲ ತಿಂಗಳುಗಟ್ಟಲೆ ಪಳಗಿಸಿರಬೇಕು. ದಿನಕ್ಕೆ ಎಷ್ಟು ಮಕ್ಕಳನ್ನು ಹೊರುತ್ತದೆ, ವಾರದಲ್ಲಿ ಎಷ್ಟು ದಿನ ರಜೆ ಎಂದೂ ಕೇಳಿ. ಹಾಗೆಯೇ ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಆಗಿದೆಯೇ ಎಂದು. ಕುದುರೆಯಿಂದ ಮನುಷ್ಯರಿಗೂ ಹರಡಬಲ್ಲ, ಲಸಿಕೆ ಇಲ್ಲದ ರೋಗವದು. ನಮ್ಮ ಡಿ.ಜೆ. ಹಳ್ಳಿ ಸುತ್ತಮುತ್ತಲೇ ಹಿಂದೆ ಅದು ಕಾಣಿಸಿಕೊಂಡು ಕುದುರೆಗಳ ಓಡಾಟಕ್ಕೆ ತಡೆ ಹಾಕಬೇಕಾಗಿ ಬಂದಿತ್ತು.

ನಮ್ಮ ಹುಡುಗನ ಪಾಲಿಗೆ ಬಂದದ್ದು ಒಂದು ಕಂದು ಹೆಣ್ಣು ಕುದುರೆ, ಗಿಡ್ಡ ಜಾತಿಯದು. ಮೂರನೆಯ ಶನಿವಾರ ಅವನನ್ನು ಬೇಲಿಯೊಳಗೆ ಬಿಟ್ಟರು. ಕುದುರೆಗೆ ಕಣ್ಣು ತಲೆಯ ಆಚೀಚೆ ಇರುವುದರಿಂದ ಸುತ್ತಲೂ ಕಾಣುತ್ತದೆ, ಮೂಗಿನ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕಾಣದು. ಆದ್ದರಿಂದ ಎಡ ಭುಜದ ಕಡೆಯಿಂದ, ಓರೆಯಾಗಿ, ಮಾತಾಡಿಸುತ್ತ ಹೋಗಬೇಕು. ಹುಡುಗ ಮಾತಾಡುವುದಿಲ್ಲ, ಗುನುಗುತ್ತಾನೆ. ಅದು ಕಿವಿ ತಿರುಗಿಸಿ ಕೇಳಿಸಿಕೊಂಡಿತು. ಸೈಸ್ ಅವನ ಕೈಗೆ ಒಂದು ಬ್ರಷ್ ಕೊಟ್ಟ. ಅವನು ಬ್ರಷ್ ಎಸೆದು, ಬರಿಗೈಯಲ್ಲಿ ಕುದುರೆಯ ಹೊಟ್ಟೆ ಮುಟ್ಟಿದ, ತಕ್ಷಣ ಕೈ ಮೂಸಿದ. ಮತ್ತೆ ಮುಟ್ಟಿದ, ಮತ್ತೆ ಮೂಸಿದ. ಇಪ್ಪತ್ತು ನಿಮಿಷ ಇದೇ. ನಾನು ಗಡಿಯಾರ ನೋಡುತ್ತಿದ್ದೆ, ತಂಗಿ ದುಡ್ಡಿನ ಲೆಕ್ಕ ಹಾಕುತ್ತಿದ್ದಳು. ಥೆರಪಿಸ್ಟ್ ಮಾತ್ರ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಆಮೇಲೆ ತೋರಿಸಿದರು: ಆ ಇಪ್ಪತ್ತು ನಿಮಿಷ ಅವನು ಎಲ್ಲೂ ಆನಿಕೊಳ್ಳದೆ ನಿಂತಿದ್ದ.

ನಾಲ್ಕನೆಯ ಶನಿವಾರ ಹತ್ತಿದ. ಆರು ನಿಮಿಷ. ಐದನೆಯದು ಮಳೆಗೆ ಹೋಯಿತು. ಮುಂಗಾರಿನಲ್ಲಿ ಅಂಕಣ ಕೆಸರಾದರೆ ರಜೆ ಕೊಡುತ್ತಾರೆ, ಕೊಡದಿದ್ದರೆ ಅನುಮಾನಿಸಿ. ಆರನೆಯ ವಾರ ಹತ್ತು ನಿಮಿಷ, ಏಳನೆಯ ವಾರ ಹಟ, ಎಂಟನೆಯ ವಾರ ಹದಿನೈದು. ನಡೆ, ನಿಲ್ಲು, ವೃತ್ತ ಸುತ್ತು, ಹಾವಿನ ಹಾಗೆ ಅಂಕುಡೊಂಕಾಗಿ ಹೋಗು, ಅಷ್ಟೇ. ನಾಗಾಲೋಟ ನಿರೀಕ್ಷಿಸಿ ಬಂದ ಅಜ್ಜ ಅಜ್ಜಿಯರಿಗೆ ನಿರಾಸೆಯಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಬೋರಾದ ದೃಶ್ಯ ಇನ್ನೊಂದಿಲ್ಲ, ಫ್ಲಾಸ್ಕಿನಲ್ಲಿ ಕಾಫಿ ತನ್ನಿ. ಮಗುವಿಗೆ ಒಳತೊಡೆ ನೋಯುತ್ತದೆ, ಮನೆಗೆ ಬಂದರೆ ವಿಪರೀತ ಹಸಿವು, ಆಮೇಲೆ ಗಡದ್ದು ನಿದ್ದೆ. ಕೆಲವು ಮಕ್ಕಳು ಅವತ್ತು ಸಂಜೆ ಇನ್ನಷ್ಟು ರಚ್ಚೆ ಹಿಡಿಯುತ್ತಾರೆ. ಒಂದೆರಡು ವಾರದಲ್ಲಿ ಅದು ತಗ್ಗದಿದ್ದರೆ ಹೇಳಿ, ಸಮಯ ಕಮ್ಮಿ ಮಾಡುತ್ತಾರೆ.

ಎಷ್ಟು ದಿನಕ್ಕೆ ಗುಣ? ಈ ಪ್ರಶ್ನೆ ಕೇಳದ ಸೋದರಮಾವನಿಲ್ಲ. ಆಟಿಸಂ ಇರುವ 6ರಿಂದ 16 ವರ್ಷದ ನೂರಕ್ಕೂ ಹೆಚ್ಚು ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಮಕ್ಕಳು ಹತ್ತು ವಾರ ಸವಾರಿ ಕಲಿತರು. ಉಳಿದವರು ಅದೇ ಹತ್ತು ವಾರ ಕುದುರೆ ಇಲ್ಲದ ಲಾಯದಲ್ಲಿ ದೊಡ್ಡದೊಂದು ಗೊಂಬೆ ಕುದುರೆ ಇಟ್ಟುಕೊಂಡು ಕುದುರೆಯ ಬಗ್ಗೆ ಪಾಠ ಕೇಳಿದರು. ಸವಾರಿ ಮಾಡಿದವರಲ್ಲಿ ಸಿಡಿಮಿಡಿ, ಚಡಪಡಿಕೆ ಇಳಿಯಿತು, ಮಾತು ಮತ್ತು ಬೆರೆಯುವಿಕೆ ಕೊಂಚ ಏರಿತು. ಆಟಿಸಂ ಹೋಗಲಿಲ್ಲ. ಅದು ಹೋಗುವಂಥದ್ದಲ್ಲ, ಹೋಗಿಸುತ್ತೇವೆ ಎನ್ನುವವರ ಹತ್ತಿರ ಹೋಗಲೂಬಾರದು. ದೊಡ್ಡವರ ಖಿನ್ನತೆ, ಆಘಾತಗಳಿಗೆ ಕುದುರೆಯಿಂದ ಉಪಯೋಗ ಎನ್ನುವುದಕ್ಕೆ ಆಧಾರ ಇನ್ನೂ ತೆಳು. ಹಿತವೆನಿಸಿದರೆ ಹೋಗಿ, ಮಾತ್ರೆ ನಿಲ್ಲಿಸಿ ಹೋಗಬೇಡಿ. ಇನ್ನು ದೊಡ್ಡವರು ಹತ್ತುವುದಾದರೆ ತೂಕದ ಮಾತು ಬರುತ್ತದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಸಾಮಾನ್ಯ ಲೆಕ್ಕ. ನಾನು ಕೇಳಲು ಹೋಗಲಿಲ್ಲ.

ಹತ್ತನೆಯ ಶನಿವಾರ ತಂಗಿ ಫೋಟೊ ತೆಗೆಯಬಹುದೇ ಎಂದು ಕೇಳಿದಳು. ಥೆರಪಿಸ್ಟ್ ಒಂದು ನಿಮಿಷ ಯೋಚಿಸಿ ಹೂಂ ಎಂದರು. ಅವತ್ತಿನ ಪಾಠ ಹಿಂದುಮುಂದಾಗಿ ಕೂರುವುದು. ಬಾಲದ ಕಡೆಗೆ ಮುಖ ಮಾಡಿ, ಎರಡೂ ಅಂಗೈಗಳನ್ನು ಕುದುರೆಯ ಬೆನ್ನಿನ ಮೇಲೆ ಊರಿ ಕೂತರೆ ಭುಜ, ಕತ್ತು ಗಟ್ಟಿಯಾಗುತ್ತವಂತೆ. ಕುದುರೆ ನಮ್ಮಿಂದ ದೂರ ನಡೆಯುತ್ತಿತ್ತು, ಹುಡುಗ ನಮ್ಮನ್ನೇ ನೋಡುತ್ತ ಹೋಗುತ್ತಿದ್ದ, ಗುನುಗುತ್ತ. ತಂಗಿಯ ಮೊಬೈಲಿನಲ್ಲಿ ಈಗಲೂ ಇದೆ: ಕೆಳಗರ್ಧ ಕುದುರೆಯ ಬಾಲ, ಮೇಲರ್ಧ ಮೂಗಿನವರೆಗೆ ಇಳಿಯದ ಹೆಲ್ಮೆಟ್ಟು, ಅದರ ಕೆಳಗೆ ವಾಲದ ಮುಖ. ಅದನ್ನು ನೋಡಿದ ನಮ್ಮಮ್ಮ ಕೇಳಿದ್ದು ಒಂದೇ, “ಅಲ್ಲ ಕಣೇ, ಮಗೂನ ಉಲ್ಟಾ ಕೂರಿಸಿದಾರಲ್ಲೇ?”